ಅನಾಮತ್ತು ಕೊಟ್ಟವನು ಕೋಡಂಗಿ ಆಗಬೇಕೆ?

ಸಾಂಗಲಿ: ಮನೆ ಹಿಡಿಯುವ ದಿನ ಎಣಿಸಿ ಕೊಟ್ಟ ಅನಾಮತ್ತು, ಮನೆ ಬಿಡುವ ದಿನ ಕೈಗೆ ಬರುವುದು ಯಾಕಿಷ್ಟು ಕಷ್ಟ? ಸಾಂಗಲಿ, ಮಿರಜಗಳಲ್ಲಿ ಬಾಡಿಗೆಗೆ ಇದ್ದು ಊರಿಗೆ ಮರಳಿದ ಗಡಿಭಾಗದ ಕುಟುಂಬಗಳಿಗೆ ಈ ಪ್ರಶ್ನೆ ಹೊಸದೇನಲ್ಲ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಗಡಿಯ ಜನ ಈ ಊರುಗಳಿಗೆ ಬರುವುದಕ್ಕೆ ಕಾರಣಗಳು ಹಳೆಯವು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆ ಆರಂಭಿಸಿದಂದಿನಿಂದ ಅದು ದವಾಖಾನೆಗಳ ಊರು. ಸರಕಾರಿ ವೈದ್ಯಕೀಯ ಕಾಲೇಜೂ ಅಲ್ಲೇ ಇದೆ. ಸಾಂಗಲಿಯಲ್ಲಿ ವಾಲಚಂದ ಇಂಜಿನಿಯರಿಂಗ್ ಕಾಲೇಜು, ವಿಲಿಂಗ್ಡನ್ ಕಾಲೇಜು, ಅರಿಷಿಣ ಪೇಟೆ. ಕುಪವಾಡದಲ್ಲಿ ಕಾರಖಾನೆಗಳು. 1998ರಲ್ಲಿ ಈ ಮೂರೂ ಊರು ಸೇರಿ ಒಂದೇ ಮಹಾನಗರಪಾಲಿಕೆಯಾಯಿತು. ಅಥಣಿ, ಕಾಗವಾಡ, ರಾಯಬಾಗ ಕಡೆಯವರಿಗೂ, ಜತ್ತ ತಾಲೂಕಿನ ಕನ್ನಡ ಹಳ್ಳಿಗಳವರಿಗೂ ಮಕ್ಕಳ ಓದು, ಮನೆಯವರ ಉಪಚಾರ, ನೌಕರಿ ಎಂದರೆ ಮೊದಲು ನೆನಪಾಗುವುದು ಇದೇ ದಿಕ್ಕು. ಒಂದು ವರ್ಷವೋ ಎರಡು ವರ್ಷವೋ ಇರಬೇಕಾದಾಗ ಒಂದೆರಡು ಖೋಲಿಯ ಮನೆ ಹುಡುಕುವುದು, ಅನಾಮತ್ತು ಕಟ್ಟುವುದು ಅನಿವಾರ್ಯ.

ಜಗಳ ಎಲ್ಲಿ ಹುಟ್ಟುತ್ತದೆ?

ಮನೆ ಬಿಡುವಾಗ ಕೇಳಿಬರುವ ಮಾತುಗಳು ಹೆಚ್ಚುಕಡಿಮೆ ಒಂದೇ. ‘ಗೋಡೆ ಕೆಟ್ಟಿದೆ, ಬಣ್ಣದ ಖರ್ಚು ಹಿಡಿಯುತ್ತೇನೆ’. ‘ಲೈಟ್ ಬಿಲ್ಲು ಬರಲಿ, ಆಮೇಲೆ ನೋಡೋಣ’. ‘ಒಂದು ತಿಂಗಳು ಮೊದಲೇ ಹೇಳಬೇಕಿತ್ತು’. ಎಲ್ಲಕ್ಕಿಂತ ದೊಡ್ಡದು, ‘ಹೊಸ ಬಾಡಿಗೆದಾರ ಬರಲಿ, ಬಂದ ಕೂಡಲೇ ಕೊಡುತ್ತೇನೆ’.

ಈ ಕೊನೆಯ ಮಾತಿನಲ್ಲಿಯೇ ಇಡೀ ವ್ಯವಹಾರದ ಗುಟ್ಟಿದೆ. ಅನಾಮತ್ತು ಎಂದರೆ ಹೆಸರಿಗೆ ಠೇವಣಿ. ಆದರೆ ಅದನ್ನು ಬೇರೆಯಾಗಿ ತೆಗೆದಿಡುವ ಮಾಲಕರು ಕಡಿಮೆ. ಆ ಹಣ ಮನೆಯ ದುರಸ್ತಿಗೋ ಸಾಲದ ಕಂತಿಗೋ ಖರ್ಚಾಗಿರುತ್ತದೆ. ಹೋಗುವವನ ಹಣವನ್ನು ಬರುವವನ ಹಣದಿಂದ ತೀರಿಸುವುದು ರೂಢಿ. ಬರುವವನು ತಡವಾದರೆ ಹೋಗುವವನು ಕಾಯಬೇಕು. ಇಂಥ ಮಾಲಕನನ್ನು ಮೋಸಗಾರ ಎನ್ನುವುದು ಯಾವಾಗಲೂ ಸರಿಯಾಗಲಿಕ್ಕಿಲ್ಲ. ಆದರೆ ಅವನ ಕೈ ಬರಿದಾದದ್ದರ ಭಾರವನ್ನು ಬಾಡಿಗೆದಾರ ಹೊರುತ್ತಾನೆ ಎಂಬುದಂತೂ ಖರೆ.

ಗಡಿ ದಾಟಿ ಹೋದವನಿಗೆ ಇನ್ನೊಂದು ತೊಂದರೆಯಿದೆ. ಊರಿಗೆ ಮರಳಿದ ಮೇಲೆ ಪ್ರತಿಸಲ ಕೇಳಲು ಬರಬೇಕೆಂದರೆ ಬಸ್ಸಿನ ಖರ್ಚು, ಒಂದು ದಿನದ ಪಗಾರ ಎರಡೂ ಹೋಗುತ್ತವೆ. ನಾಲ್ಕು ಸಲ ಅಲೆದಾಡಿದರೆ ಸಾಕು, ಉಳಿದದ್ದನ್ನು ಬಿಟ್ಟುಬಿಡೋಣ ಅನಿಸುತ್ತದೆ. ತಡಮಾಡುವ ಮಾಲಕನಿಗೆ ಈ ದೂರವೇ ಲಾಭ.

ಎರಡು ರಾಜ್ಯ, ಎರಡು ರೂಢಿ

ಕರ್ನಾಟಕದ ಕಡೆಯಿಂದ ಬಂದವರು ಮಾಡುವ ದೊಡ್ಡ ತಪ್ಪೆಂದರೆ ಅಲ್ಲಿಯ ರೂಢಿಯೇ ಇಲ್ಲಿಯೂ ನಡೆಯುತ್ತದೆಂದು ತಿಳಿಯುವುದು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕು. ಅದಕ್ಕೇ ಹನ್ನೊಂದು ತಿಂಗಳ ಕರಾರನ್ನು ಸ್ಟ್ಯಾಂಪ್ ಕಾಗದದ ಮೇಲೆ ಬರೆದು ಸಹಿ ಹಾಕಿ ಮುಗಿಸುವ ಪದ್ಧತಿ ಬೆಳೆಯಿತು.

ಮಹಾರಾಷ್ಟ್ರದಲ್ಲಿ ಹಾಗಿಲ್ಲ. 2000ದ ಮಾರ್ಚ್ 31ರಿಂದ ಜಾರಿಯಲ್ಲಿರುವ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನ ಪ್ರಕಾರ ಕರಾರು ಹನ್ನೊಂದು ತಿಂಗಳದ್ದೇ ಇರಲಿ, ಲೀವ್ ಅಂಡ್ ಲೈಸೆನ್ಸ್ ಇರಲಿ, ಬರವಣಿಗೆಯಲ್ಲಿರಬೇಕು, ನೋಂದಣಿ ಆಗಲೇಬೇಕು. ನೋಂದಣಿ ಮಾಡಿಸುವ ಹೊಣೆ ಮಾಲಕನದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಇನ್ನೂ ಮಹತ್ವದ ಮಾತೆಂದರೆ, ನೋಂದಾಯಿತ ಕರಾರು ಇಲ್ಲದಿದ್ದಾಗ ಯಾವ ಶರತ್ತಿನ ಮೇಲೆ ಮನೆ ಕೊಡಲಾಗಿತ್ತು ಎಂಬ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಜವೆಂದು ಹಿಡಿಯಬೇಕು. ಹಾಗಲ್ಲವೆಂದು ಸಿದ್ಧಪಡಿಸುವ ಕೆಲಸ ಮಾಲಕನದು.

ಕಾಗದವಿಲ್ಲವೆಂದು ಹೆದರಿ ಸುಮ್ಮನಾಗುವ ಬಾಡಿಗೆದಾರನಿಗೆ ಈ ಕಲಮಿನ ಸುದ್ದಿಯೇ ಇರುವುದಿಲ್ಲ. ಹಾಗೆಂದು ಇದನ್ನೇ ನಂಬಿ ಕೂಡ್ರುವಂತಿಲ್ಲ. ಹಣ ಕೊಟ್ಟದ್ದಕ್ಕೆ ಪುರಾವೆ ಬೇಕೇ ಬೇಕು. ಪಡೆದ ಹಣಕ್ಕೆ ಪಾವತಿ ಕೊಡುವುದು ಇದೇ ಕಾಯ್ದೆಯ ಪ್ರಕಾರ ಮಾಲಕನ ಕರ್ತವ್ಯ. ಕೇಳಿ ಪಡೆಯುವುದು ಬಾಡಿಗೆದಾರನ ಜಾಣತನ.

ಕಾಯ್ದೆ ಹೇಳದೆ ಬಿಟ್ಟದ್ದು

ಅನಾಮತ್ತು ಪಡೆಯಲು ಈ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಎಷ್ಟು ತಿಂಗಳ ಬಾಡಿಗೆಯಷ್ಟು ಪಡೆಯಬಹುದು, ಮನೆ ಬಿಟ್ಟ ಮೇಲೆ ಎಷ್ಟು ದಿನದಲ್ಲಿ ಮರಳಿಸಬೇಕು ಎಂಬ ಮಿತಿ ಇಲ್ಲ. ಕರಾರಿನಲ್ಲಿ ಬರೆದದ್ದೇ ಆಧಾರ.

ಈ ಕೊರತೆಯನ್ನು ತುಂಬುವ ಪ್ರಯತ್ನವೊಂದು ನಡೆದಿದೆ. 2021ರ ಜೂನ್ 2ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಮನೆಯನ್ನು ವಶಕ್ಕೆ ತೆಗೆದುಕೊಳ್ಳುವಾಗಲೇ ಬಾಕಿ ಕಳೆದು ಉಳಿದದ್ದನ್ನು ಮರಳಿಸಬೇಕು. ಆದರೆ ಹೆಸರೇ ಹೇಳುವಂತೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾಯ್ದೆ ಮಾಡಿಕೊಂಡರಷ್ಟೇ ಅದಕ್ಕೆ ಬಲ. ಸಾಂಗಲಿಯ ಮಾಲಕನ ಎದುರು ದಿಲ್ಲಿಯ ಮಾದರಿಯನ್ನು ಹಿಡಿದು ವಾದಿಸಿದರೆ ಪ್ರಯೋಜನವಿಲ್ಲ.

ಹೊಳೆ ಬಂದರೆ ಯಾರ ಲೆಕ್ಕ?

ಕೃಷ್ಣೆಯ ದಂಡೆಯ ಊರಿಗೆ ಮಾತ್ರ ಬರುವ ತಕರಾರೊಂದಿದೆ. 2019ರ ಆಗಸ್ಟ್‌ನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಹತ್ತಿರ ನೀರು 57 ಅಡಿ ದಾಟಿತು. ಅಲ್ಲಿಯ ಅಪಾಯದ ಮಟ್ಟ 45 ಅಡಿ. 2021ರ ಜುಲೈಯಲ್ಲಿ ಮತ್ತೆ ಮಹಾಪೂರ ಬಂತು. ನೆಲಮಹಡಿಯ ಮನೆಗಳಲ್ಲಿ ಗೋಡೆ, ಬಾಗಿಲು, ವಾಯರಿಂಗ್ ಎಲ್ಲ ಕೆಟ್ಟವು. ಇಂಥ ಹಾನಿಯನ್ನು ಅನಾಮತ್ತಿನಲ್ಲಿ ಕಡಿಯಬಹುದೆ?

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು. ಆದರೆ ದಿನಬಳಕೆಯಿಂದಾದ ಸವಕಳಿ ಮತ್ತು ತಡೆಯಲಾಗದ ಶಕ್ತಿಯಿಂದಾದ ಬದಲಾವಣೆ ಇದಕ್ಕೆ ಹೊರತು. ಎರಡು ವರ್ಷ ಇದ್ದ ಮನೆಯ ಮಾಸಿದ ಬಣ್ಣ ಮೊದಲನೆಯದಕ್ಕೆ ಸೇರುತ್ತದೆ, ಮಹಾಪೂರ ಎರಡನೆಯದಕ್ಕೆ. ಬಾಡಿಗೆದಾರನ ಕೈಯಿಂದ ಒಡೆದ ಸಿಂಕು, ಮುರಿದ ಕಿಡಕಿ ಮಾತ್ರ ಅವನ ಲೆಕ್ಕ. ಲೀವ್ ಅಂಡ್ ಲೈಸೆನ್ಸ್ ಕರಾರಿಗೆ ಈ ಕಲಮು ನೇರವಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ಇದೇ ಮಾತನ್ನು ಕರಾರಿನಲ್ಲಿ ಬರೆಸಿಕೊಳ್ಳುವುದು ಕ್ಷೇಮ.

ಮಾಲಕರದೂ ಅಳಲಿದೆ

ಮಾಲಕರ ದೂರನ್ನೂ ಕೇಳಬೇಕು. ಕೊನೆಯ ಎರಡು ಮೂರು ತಿಂಗಳು ಬಾಡಿಗೆ ಕೊಡದೆ ‘ಅನಾಮತ್ತಿನಲ್ಲಿ ಹಿಡಿದುಕೊಳ್ಳಿ’ ಎನ್ನುವವರಿದ್ದಾರೆ. ಲೈಟ್ ಬಿಲ್ಲು ಬಾಕಿಯಿಟ್ಟು ರಾತ್ರೋರಾತ್ರಿ ಸಾಮಾನು ಸಾಗಿಸಿದವರೂ ಇದ್ದಾರೆ. ಮುದತ್ತು ಮುಗಿದ ಮೇಲೂ ಮನೆ ಬಿಡದ ಲೈಸೆನ್ಸ್‌ದಾರನಿಂದ ದುಪ್ಪಟ್ಟು ದರದಲ್ಲಿ ನಷ್ಟ ವಸೂಲಿ ಮಾಡಲು 24ನೇ ಕಲಮಿನಲ್ಲಿ ದಾರಿಯಿದೆ. ಅಂದರೆ ನೋಂದಾಯಿತ ಕರಾರು ಮಾಲಕನನ್ನೂ ಕಾಯುತ್ತದೆ.

ಹಾಗಿದ್ದೂ ನೋಂದಣಿ ತಪ್ಪಿಸುವುದೇಕೆ? ಖರ್ಚು ದೊಡ್ಡದೆಂಬ ಭ್ರಮೆ. ಲೆಕ್ಕ ಹಾಕಿ ನೋಡಿದರೆ, ತಿಂಗಳಿಗೆ 6,000 ರೂಪಾಯಿ ಬಾಡಿಗೆ, 30,000 ಅನಾಮತ್ತು, ಹನ್ನೊಂದು ತಿಂಗಳ ಕರಾರು ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಒಟ್ಟು ಬಾಡಿಗೆ ಮತ್ತು ಅನಾಮತ್ತಿನ ಮೇಲಿನ ಶೇ. 10ರ ವಾರ್ಷಿಕ ಬಡ್ಡಿ ಸೇರಿದ ಮೊತ್ತದ ಶೇ. 0.25 ಮಾತ್ರ, ಎಂದರೆ 200 ರೂಪಾಯಿಯ ಆಸುಪಾಸು. ನಗರದಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ. ಇದರ ಮೇಲೆ ಸಣ್ಣಪುಟ್ಟ ಖರ್ಚು, ಏಜೆಂಟನನ್ನು ಹಿಡಿದರೆ ಅವನ ಕೂಲಿ. ಕಂಪ್ಯೂಟರಿನ ಮೂಲಕವೇ ನೋಂದಣಿ ಮಾಡುವ ಸೌಲಭ್ಯವೂ ಇದೆ. ಮೂವತ್ತು ಸಾವಿರದ ಕಾವಲಿಗೆ ಇದು ಹೆಚ್ಚಲ್ಲ.

ದಾರಿ ಏನು?

ಅನಾಮತ್ತಿನ ಜಗಳ ಮನೆ ಬಿಡುವ ದಿನ ಕಾಣಿಸಿಕೊಂಡರೂ ಅದರ ಬೀಜ ಬೀಳುವುದು ಮನೆ ಹಿಡಿಯುವ ದಿನ. ಅಂದೇ ಹಣವನ್ನು ಬ್ಯಾಂಕಿನ ಮೂಲಕ ಕೊಡಬೇಕು. ಗೋಡೆ, ನಳ, ಫ್ಯಾನು, ಮೀಟರಿನ ಅಂಕಿಯ ಫೋಟೋ ತೆಗೆದಿಡಬೇಕು. ಯಾವುದಕ್ಕೆ ಹಣ ಕಡಿಯಬಹುದು, ಉಳಿದದ್ದನ್ನು ಎಷ್ಟು ದಿನದಲ್ಲಿ ಕೊಡಬೇಕು ಎಂಬುದನ್ನು ಕರಾರಿನಲ್ಲಿ ಬರೆಸಬೇಕು. ಕರಾರು ಮರಾಠಿಯಲ್ಲಿರುತ್ತದೆ, ಮಾತು ತಿಳಿದರೂ ಕೋರ್ಟಿನ ಮರಾಠಿ ತಿಳಿಯದವರು ಬಲ್ಲವರಿಂದ ಓದಿಸಿಕೊಂಡೇ ಸಹಿ ಮಾಡಬೇಕು. ಬಿಡುವ ದಿನ ಇಬ್ಬರೂ ನಿಂತು ಲೆಕ್ಕ ಬರೆದು, ಕೀಲಿ ಕೊಟ್ಟದ್ದಕ್ಕೂ ಸಹಿ ಪಡೆಯಬೇಕು.

ಆಮೇಲೂ ಹಣ ಬಾರದಿದ್ದರೆ ಮೊದಲು ಅಂಚೆಯಲ್ಲಿ ನೋಟಿಸು. ಇದು ಸಿವಿಲ್ ವ್ಯವಹಾರವಾದ್ದರಿಂದ ಪೊಲೀಸರು ವಸೂಲಿ ಮಾಡಿಕೊಡುವರೆಂಬ ಆಶೆ ಬೇಡ. ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಮುದತ್ತಿದೆ, ಆದರೆ ದಾವೆ ಸಾಂಗಲಿ ಜಿಲ್ಲೆಯಲ್ಲೇ ನಡೆಯುವುದು ಸಹಜ. ಸಣ್ಣ ಮೊತ್ತಕ್ಕೆ ಲೋಕ ಅದಾಲತ್ ಹೆಚ್ಚು ಅನುಕೂಲ. ಅಲ್ಲಿ ಕೋರ್ಟ್ ಶುಲ್ಕವಿಲ್ಲ, ಇಬ್ಬರೂ ಒಪ್ಪಿ ಆದ ನಿರ್ಣಯಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರ ನೆರವೂ ಸಿಗುತ್ತದೆ.

ಗಡಿಯ ಎರಡೂ ಕಡೆ ಬೀಗತನವಿದೆ, ವ್ಯಾಪಾರವಿದೆ, ಬಾಯಿಮಾತಿನ ಮೇಲೆ ಲಕ್ಷಗಟ್ಟಲೆ ವ್ಯವಹಾರ ನಡೆದ ಇತಿಹಾಸವಿದೆ. ಬರವಣಿಗೆ ಕೇಳಿದರೆ ನಂಬಿಕೆ ಇಲ್ಲವೆಂದು ಮಾಲಕ ತಿಳಿದಾನು ಎಂಬ ಸಂಕೋಚಕ್ಕೆ ಮೂಲ ಇದೇ. ಆದರೆ ಮೊದಲ ದಿನ ಸಂಕೋಚಪಟ್ಟವನು ಕೊನೆಯ ದಿನ ಬಾಗಿಲಲ್ಲಿ ನಿಂತು ತನ್ನ ಹಣವನ್ನೇ ಬೇಡಬೇಕಾಗುತ್ತದೆ. ಆಸ್ಪತ್ರೆಯ ಖರ್ಚಿನಲ್ಲಿ ಸೋತು ಊರಿಗೆ ಮರಳುವ ಕುಟುಂಬಕ್ಕೆ ಆ ಮೂವತ್ತು ಸಾವಿರ ಸಣ್ಣ ಮೊತ್ತವಲ್ಲ.