ಮರ ನೆಟ್ಟು ನಿಲ್ಲಿಸಿದ ಊರಲ್ಲಿ ನಾಟಕಕ್ಕೊಂದು ಸೂರು

ಹತ್ತಿಮತ್ತೂರಿನಿಂದ ಸವಣೂರ ಪೇಟೆಗೆ ಹೋದವರು ಖಾರದ ಪೊಟ್ಟಣ, ವೀಳ್ಯದೆಲೆ ಕಟ್ಟಿಸಿಕೊಂಡು ಮರಳುತ್ತಾರೆ. ಪ್ರವಾಸಿಗರದೂ ಹೆಚ್ಚುಕಡಿಮೆ ಇದೇ ದಾರಿ. ಕಲ್ಮಠದ ದೊಡ್ಡಹುಣಸೆ ಮರಗಳು, ಸತ್ಯಬೋಧ ತೀರ್ಥರ ವೃಂದಾವನ, ನವಾಬರ ಕಾಲದ ಕಟ್ಟಡ. ಓದುವ ಹವ್ಯಾಸವಿದ್ದರೆ, ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರೆಂಬ ನೆನಪು. ಅರ್ಧ ದಿನಕ್ಕೆ ಎಲ್ಲ ಮುಗಿದು ಸಂಜೆ ಬಸ್ ಹಿಡಿಯುತ್ತಾರೆ. ಈ ಸೀಮೆ ಕಣ್ಣು ಬಿಡುವುದೇ ಆಮೇಲೆ, ರಾತ್ರಿ ಉಂಡು ಕೈತೊಳೆದು ಜನ ಪೇಟಿಯ ಸ್ವರಕ್ಕೆ ಕಾಯುವ ಹೊತ್ತಿಗೆ.

ನಾಟಕ ಇಲ್ಲಿ ಬರಿಯ ಮೋಜಲ್ಲ, ಅನ್ನವೂ ಆಗಿತ್ತು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಪಂಚಾಕ್ಷರ ಗವಾಯಿಗಳು, ದೇವಗಿರಿಯ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿ ಬೆಳೆಸಿದರು. ಅಲ್ಲಿನ ಅಂಧ ಮಕ್ಕಳ ಊಟಕ್ಕೆ ನೆರವಾದದ್ದು ಆಶ್ರಮದ್ದೇ ನಾಟಕ ಕಂಪನಿ; ಪುಟ್ಟರಾಜರು ಅದಕ್ಕೆ ನಾಟಕ ಬರೆದರು.

ಇಂದಿಗೂ ಜಾತ್ರೆ ಬಂತೆಂದರೆ ಊರ ಹುಡುಗರು ಮಾಸ್ತರರನ್ನು ಕರೆಸಿ ತಾಲೀಮು ಹಿಡಿಯುತ್ತಾರೆ. ಪರದೆ ಬಾಡಿಗೆಗೆ, ಸ್ತ್ರೀಪಾತ್ರಕ್ಕೆ ಪರವೂರಿನ ಕಲಾವಿದೆಯರು. ನಾಯಕ ಸಾಯುವ ದೃಶ್ಯವನ್ನೇ ತಡೆದು ಆಯೇರಿ ಕೊಟ್ಟವರ ಹೆಸರು ಕೂಗುವುದುಂಟು. ಹಾಸ್ಯದ ಹೆಸರಲ್ಲಿ ನುಸುಳುವ ದ್ವಂದ್ವಾರ್ಥ ನನಗೂ ಸಹ್ಯವಲ್ಲ. ಆದರೆ ಅದೊಂದನ್ನೇ ಹಿಡಿದು ಎರಡು ತಿಂಗಳ ತಾಲೀಮನ್ನು ಹಗುರ ಮಾಡಲಾಗದು.

ನಿಜವಾದ ಇಕ್ಕಟ್ಟು ಗಡಿಯಾರದ್ದು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಕೂಡದು. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ಸರ್ಕಾರ ಮನಸ್ಸು ಮಾಡಿದರೆ ವರ್ಷಕ್ಕೆ 15 ದಿನ, ಅದೂ ನಡುರಾತ್ರಿಯ ತನಕ ಮಾತ್ರ ವಿನಾಯಿತಿ. ನಮ್ಮ ನಾಟಕವೋ, ನಾಂದಿ ಹಾಡುವುದೇ 10 ಹೊಡೆದ ಮೇಲೆ! ಹೀಗಾಗಿ ಊರ ಆಟವೆಲ್ಲ ಠಾಣೆಯವರ ದಾಕ್ಷಿಣ್ಯದ ಮೇಲೆ ನಿಂತಿದೆ. ಮಲಗಬೇಕಾದ ರೋಗಿ, ಓದಬೇಕಾದ ಮಗುವಿನ ಹಕ್ಕು ಸಣ್ಣದಲ್ಲ. ನಿಯಮವನ್ನು ಬೈದು ಫಲವಿಲ್ಲ. ಅದೇ ನಿಯಮ ಮುಚ್ಚಿದ ಸಭಾಂಗಣವನ್ನು ಹೊರಗಿಟ್ಟಿದೆ. ದಾರಿ ಇರುವುದು ಅಲ್ಲೇ.

ಹಾನಗಲ್ ತಾಲ್ಲೂಕಿನ ಪುಟ್ಟ ಊರು ಶೇಷಗಿರಿ. ಅಲ್ಲಿಯ ಗಜಾನನ ಯುವಕ ಮಂಡಳದವರು ವರ್ಷಗಟ್ಟಲೆ ನಾಟಕ ಆಡಿ, ಊರಿಗೊಂದು ರಂಗಮಂದಿರ ದಕ್ಕಿಸಿಕೊಂಡಿದ್ದಾರೆ. ಹಳ್ಳಿಗೆ ಸಾಧ್ಯವಾದದ್ದು ತಾಲ್ಲೂಕು ಕೇಂದ್ರಗಳಿಗೆ ಏಕೆ ಭಾರ?

2023ರ ಜುಲೈ ಮಳೆಗೆ ಸವಣೂರಿನ ದೊಡ್ಡಹುಣಸೆ ಮರವೊಂದು ಉರುಳಿದಾಗ ಯಂತ್ರಗಳು ಬಂದವು, ಪರಿಣತರು ಬಂದರು, ಮರವನ್ನು ಎತ್ತಿ ಮತ್ತೆ ನೆಟ್ಟರು. ಒಳ್ಳೆಯ ಕೆಲಸ. ಆ ಕಾಳಜಿಯ ಕಾಲುಪಾಲು ನಾಟಕಕ್ಕೂ ಸಿಗಲಿ. ಸವಣೂರು, ಶಿಗ್ಗಾವಿ, ಹಿರೇಕೆರೂರುಗಳಲ್ಲಿ ಸಂಜೆ ಏಳಕ್ಕೇ ಪರದೆ ಏಳುವಂತೆ ಕಡಿಮೆ ಬಾಡಿಗೆಯ ರಂಗಮಂದಿರ ಬೇಕು. ಹಾನಗಲ್ಲಿನ ತಾರಕೇಶ್ವರ ಗುಡಿಯ ಬಾಗಿಲಲ್ಲಿ, ಗೊಟಗೋಡಿಯ ರಾಕ್ ಗಾರ್ಡನ್ ಮುಂದೆ ಆ ತಿಂಗಳ ನಾಟಕಗಳ ಪಟ್ಟಿ ತೂಗಬೇಕು. ಸಾರಿಗೆ ಸಂಸ್ಥೆಯವರು ನಾಟಕದ ದಿನವಾದರೂ ಆಟ ಬಿಟ್ಟ ಮೇಲೆ ಹತ್ತಿಮತ್ತೂರಿಗೊಂದು ಬಸ್ ಬಿಡಲಿ.