ಅಗ್ನಿಬಾಣ ಕಲಿಸುವ ಪಾಠ

ದೀಪಾವಳಿಯ ಇರುಳಿನಲ್ಲಿ, ಕಲಬುರಗಿಯ ಐವಾನ್-ಎ-ಶಾಹಿಯಲ್ಲಾಗಲಿ ಮೈಸೂರಿನ ಅಗ್ರಹಾರದಲ್ಲಾಗಲಿ, ಮಕ್ಕಳು ಹಚ್ಚಿದ ರಾಕೆಟ್ಟು ಸುಯ್ಯೆಂದು ಮೇಲಕ್ಕೇರುತ್ತದೆ. ಅದನ್ನು ಕಂಡಾಗ ನಮ್ಮ ಜನರು ಒಂದು ಮಾತನ್ನು ಹೆಮ್ಮೆಯಿಂದ ಹೇಳುವುದುಂಟು: ‘ರಾಕೆಟ್ಟನ್ನು ಜಗತ್ತಿಗೆ ಕಲಿಸಿದವರು ಕನ್ನಡ ನಾಡಿನವರು.’ ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದು ಪೂರ್ಣ ಸತ್ಯವಲ್ಲ. ಹಿರಿಯರ ಸಾಧನೆಯನ್ನು ಹಾಡಿ ಹೊಗಳಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಪರೀಕ್ಷಿಸಿ ತಿಳಿದಾಗ ಮಾತ್ರ ನಮ್ಮದಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ರಾಕೆಟ್ಟಿನ ತತ್ತ್ವವನ್ನು ನೋಡೋಣ. ಕಲಬುರಗಿಯ ಕೋಟೆಯಲ್ಲಿ ಹಳೆಯ ಕಾಲದ ಬೃಹತ್ ತೋಪು ಇಂದಿಗೂ ಇದೆ. ತೋಪಿನೊಳಗೆ ಮದ್ದು ಉರಿದು ಗುಂಡನ್ನು ಹೊರಕ್ಕೆ ನೂಕುತ್ತದೆ. ಕೊಳವೆಯಿಂದ ಹೊರಟ ಮೇಲೆ ಗುಂಡಿಗೆ ಬೇರೆ ನೂಕುಬಲವಿಲ್ಲ. ರಾಕೆಟ್ಟು ಹಾಗಲ್ಲ. ಅದು ತನ್ನ ಮದ್ದನ್ನು ತಾನೇ ಹೊತ್ತು, ಉರಿಸುತ್ತ ಸಾಗುತ್ತದೆ. ಉರಿದ ಅನಿಲವು ಹಿಂದಕ್ಕೆ ಧಾವಿಸುತ್ತದೆ. ರಾಕೆಟ್ಟು ಮುಂದಕ್ಕೆ ಚಿಮ್ಮುತ್ತದೆ. ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆಂದು 1687ರಲ್ಲಿ ನ್ಯೂಟನ್ ನಿರೂಪಿಸಿದ ನಿಯಮವೇ ಇದಕ್ಕೆ ಆಧಾರ. ಊದಿದ ಬಲೂನಿನ ಬಾಯನ್ನು ಬಿಟ್ಟರೆ ಅದು ಹಾರಿಹೋಗುವುದೂ ಇದರಿಂದಲೇ. ಹೊರಗಿನ ಗಾಳಿಯನ್ನು ಒದ್ದು ರಾಕೆಟ್ಟು ಮೇಲೇರುತ್ತದೆಂದು ಭಾವಿಸುವುದು ತಪ್ಪು. ಮದ್ದಿನಲ್ಲಿ ಇದ್ದಿಲು, ಗಂಧಕಗಳೊಡನೆ ಸೇರಿರುವ ಪೆಟ್ಲುಪ್ಪು, ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಒದಗಿಸುತ್ತದೆ. ಆದುದರಿಂದಲೇ ಈ ತತ್ತ್ವವು ಗಾಳಿಯಿಲ್ಲದ ಬಾಹ್ಯಾಕಾಶದಲ್ಲಿಯೂ ನಡೆಯುತ್ತದೆ.

ರಾಕೆಟ್ಟಿನ ಜನ್ಮಭೂಮಿ ಮೈಸೂರಲ್ಲ, ಚೀನಾ. ಚೀನೀಯರು 13ನೆಯ ಶತಮಾನದಲ್ಲಿಯೇ ಯುದ್ಧದಲ್ಲಿ ಅಗ್ನಿಬಾಣಗಳನ್ನು ಬಳಸಿದ್ದರು. ಹಾಗಾದರೆ ಮೈಸೂರಿನ ಹಿರಿಮೆ ಯಾವುದು? 18ನೆಯ ಶತಮಾನದಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕುಶಲಕರ್ಮಿಗಳು ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿದರು. ಕಾಗದದ ಕೊಳವೆಯಾದರೆ ಹೆಚ್ಚಿನ ಒತ್ತಡಕ್ಕೆ ಒಡೆಯುತ್ತದೆ, ಕಬ್ಬಿಣವು ತಡೆದುಕೊಳ್ಳುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲದ ವೇಗ ಹೆಚ್ಚು; ವೇಗ ಹೆಚ್ಚಿದಷ್ಟೂ ನೂಕುಬಲ ಹೆಚ್ಚು. ದಿಕ್ಕು ತಪ್ಪದಂತೆ ಕೊಳವೆಗೆ ಉದ್ದನೆಯ ಬಿದಿರಿನ ಗಳುವನ್ನು ಕಟ್ಟುತ್ತಿದ್ದರು. ಕಮ್ಮಾರನ ಕುಲುಮೆಯಲ್ಲಿ ಹುಟ್ಟಿದ ಈ ಸುಧಾರಣೆಯೇ ನಮ್ಮ ನಿಜವಾದ ಹೆಮ್ಮೆ.

1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಮೈಸೂರಿನ ಸೇನೆ ಇಂಗ್ಲಿಷರನ್ನು ಸೋಲಿಸಿದಾಗ ಈ ಬಾಣಗಳೂ ರಣರಂಗದಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಅನಂತರ ಮೈಸೂರಿನ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರವನ್ನು ಸೇರಿದವು. ವಿಲಿಯಂ ಕಾಂಗ್ರೀವ್ ಎಂಬಾತನು ಅಲ್ಲಿ ಮದ್ದಿನ ಪ್ರಮಾಣವನ್ನೂ ಕೊಳವೆಯ ಗಾತ್ರವನ್ನೂ ಬದಲಿಸಿ ಮತ್ತೆ ಮತ್ತೆ ಪ್ರಯೋಗ ಮಾಡಿದನು. ಫಲಿತಾಂಶಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಎರಗಿದ್ದು ಕಾಂಗ್ರೀವನ ರಾಕೆಟ್ಟು.

‘ರಾಜ್ಯವನ್ನೇ ಕಳೆದುಕೊಂಡವರಿಗೆ ಪ್ರಯೋಗಕ್ಕೆ ಅವಕಾಶವೆಲ್ಲಿತ್ತು?’ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಪರಾಧೀನತೆಯಿಂದಾದ ನಷ್ಟ ಅಲ್ಪವಲ್ಲ. ಆದರೂ ಇನ್ನೊಂದು ಕಾರಣವನ್ನು ಮರೆಯಲಾಗದು. ಕುಶಲಕರ್ಮಿಯ ಜ್ಞಾನ ಅವನ ಕೈಯಲ್ಲಿದ್ದಿತು. ಕೈ ನಿಂತೊಡನೆ ಜ್ಞಾನವೂ ನಿಂತಿತು. ಕಬ್ಬಿಣ ಬಡಿದವನೂ ಗಣಿತ ಬಲ್ಲವನೂ ಒಂದೆಡೆ ಕುಳಿತು ಚರ್ಚಿಸುವ ಶಾಲೆ ನಮ್ಮಲ್ಲಿ ಬೆಳೆಯಲಿಲ್ಲ. ಅಳೆದು, ಬರೆದು, ಹಂಚಿದ ವಿದ್ಯೆ ಮಾತ್ರ ಅರಸನ ಸೋಲಿನೊಡನೆ ಸಾಯುವುದಿಲ್ಲ.

ರಷ್ಯದ ಕಲೂಗ ಎಂಬ ಊರಿನ ಶಾಲಾ ಉಪಾಧ್ಯಾಯನೊಬ್ಬನು ಇದಕ್ಕೆ ಸಾಕ್ಷಿ. ಬಾಲ್ಯದಲ್ಲಿಯೇ ಕಿವಿ ಮಂದವಾಗಿದ್ದ ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿ, ರಾಕೆಟ್ಟಿನಿಂದ ಬಾಹ್ಯಾಕಾಶವನ್ನು ತಲುಪಬಹುದೆಂದು ಲೆಕ್ಕಹಾಕಿ ಬರೆದನು. ಆತನ ಬಳಿ ಸೈನ್ಯವೂ ಇರಲಿಲ್ಲ, ಶಸ್ತ್ರಾಗಾರವೂ ಇರಲಿಲ್ಲ. ಅಮೆರಿಕದ ಗೊಡಾರ್ಡ್ 1926ರಲ್ಲಿ ಹಾರಿಸಿದ ಮೊದಲ ದ್ರವ ಇಂಧನದ ರಾಕೆಟ್ಟು ಸುಮಾರು 12 ಮೀಟರು ಮಾತ್ರ ಏರಿತು. ಆ ಹನ್ನೆರಡು ಮೀಟರೇ ಚಂದ್ರನ ಹಾದಿಯ ಮೊದಲ ಮೆಟ್ಟಿಲಾಯಿತು.

ನಮ್ಮ ನಾಡಿಗೂ ಈ ಮಾರ್ಗ ಮತ್ತೆ ದೊರೆಯಿತು. ಉಡುಪಿಯ ಸಮೀಪದ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಆರ್ಯಭಟ ಉಪಗ್ರಹ ಸಿದ್ಧವಾಯಿತು. ಆದರೆ 1975ರಲ್ಲಿ ಅದನ್ನು ಮೇಲಕ್ಕೆ ಒಯ್ದದ್ದು ಸೋವಿಯತ್ ರಾಕೆಟ್ಟು. ಒಂದು ಕಾಲಕ್ಕೆ ಇಂಗ್ಲೆಂಡಿಗೆ ರಾಕೆಟ್ಟಿನ ಪಾಠ ಹೇಳಿದ ನಾಡು ಪರರ ರಾಕೆಟ್ಟನ್ನು ಆಶ್ರಯಿಸಬೇಕಾಯಿತು! 1979ರಲ್ಲಿ ನಮ್ಮದೇ ಎಸ್.ಎಲ್.ವಿ.-3 ಸಮುದ್ರಕ್ಕೆ ಬಿದ್ದಿತು. ವಿಜ್ಞಾನಿಗಳು ದೋಷವನ್ನು ಮುಚ್ಚಿಡದೆ ಹುಡುಕಿ ತಿದ್ದಿದರು. 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ಟು ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೆಯ ಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ದೊರೆತವು. ತುಕ್ಕು ಹಿಡಿದಿದ್ದ ಅವು ಹೆಚ್ಚುಕಡಿಮೆ ಗೇಣುದ್ದದವು. ಇಷ್ಟು ಕಾಲ ಕೆಸರಿನಲ್ಲಿ ಹೂತಿದ್ದುದು ಕಬ್ಬಿಣ ಮಾತ್ರವಲ್ಲ, ಒಂದು ವಿದ್ಯೆ. ವಿದ್ಯಾರ್ಥಿಗಳೇ, ಅವುಗಳನ್ನು ನೋಡಿ ಹೆಮ್ಮೆಪಡಿರಿ. ಅದರೊಡನೆ ಕೈಯಲ್ಲಿ ಅಳತೆಗೋಲನ್ನೂ ಹಿಡಿಯಿರಿ, ಕಂಡದ್ದನ್ನು ಬರೆದಿಡಿರಿ, ತಿಳಿದದ್ದನ್ನು ಪಕ್ಕದವನಿಗೆ ಹೇಳಿರಿ. ನಮ್ಮ ವಿದ್ಯೆ ಇನ್ನೊಮ್ಮೆ ಬಾವಿಯ ಪಾಲಾಗದಿರಲು ಇರುವ ಉಪಾಯ ಇದೇ.