ಒನಕೆಯೂ ಕೊಡೆಯೂ ನಾಲಗೆಯೂ

ಹೋದ ತಿಂಗಳು ಇದೇ ಪುಟದಲ್ಲಿ ನಾವು ಮಧ್ಯಾಹ್ನದ ನಿದ್ರೆಯನ್ನು ಸಮರ್ಥಿಸಿ ಬರೆದುದನ್ನು ವಾಚಕ ಮಹಾಶಯರು ಮರೆತಿರಲಾರರು. ಆ ಲೇಖನದ ಫಲವನ್ನು ಈ ತಿಂಗಳು ನಾವೇ ಉಣ್ಣಬೇಕಾಯಿತು. ದಸರೆಯ ರಜೆಗೆಂದು ನಮ್ಮಲ್ಲಿಗೆ ಬಂದಿದ್ದ ಹತ್ತು ವರ್ಷದ ಮೊಮ್ಮಗಳು, ನಾವು ಆ ಸಿದ್ಧಾಂತವನ್ನು ಜಗಲಿಯ ಮೇಲೆ ಆಚರಣೆಗೆ ತಂದುಕೊಂಡು ಮಲಗಿದ್ದ ಸಮಯವನ್ನೇ ನೋಡಿ, ಕಿವಿಯ ಬಳಿ "ಕಿಯಾಯ್!" ಎಂದು ಕೂಗಿದಳು. ನಾವು ಎದ್ದು ಕುಳಿತಾಗ ಕನ್ನಡಕ ಒಂದು ಕಡೆ, ಪಂಚಾಂಗ ಒಂದು ಕಡೆ, ನಾವು ಒಂದು ಕಡೆ.

"ತಾತ, ನಾನು ಕಳ್ಳ ಆಗಿದ್ದರೆ ನೀವು ಸೋತಿರುತ್ತಿದ್ದಿರಿ," ಎಂದು ಮಗು ಗಂಭೀರವಾಗಿ ತೀರ್ಪಿತ್ತಳು.

ಅವಳು ತನ್ನ ಊರಿನ ಶಾಲೆಯಲ್ಲಿ ಕರಾಟೆ ಕಲಿಯುತ್ತಿರುವಳು. ಹಳದಿಯ ಪಟ್ಟಿಯವರೆಗೆ ಬಂದಿರುವಳು. ಸೋತ ಪಂಡಿತನಿಗೆ ವ್ಯುತ್ಪತ್ತಿಯೇ ಗತಿ. "ನಿನಗೆ ಕರಾಟೆ ಎಂಬ ಶಬ್ದದ ಅರ್ಥ ಗೊತ್ತೇ? ಕರ ಎಂದರೆ ಕೈ. ಇದು ಸಂಸ್ಕೃತದ ಮಾತು," ಎಂದೆವು. ಮಗು ತಲೆಯಾಡಿಸಿದಳು. "ಅಲ್ಲ ತಾತ. ಕರ ಅಂದರೆ ಬರಿದು, ಟೆ ಅಂದರೆ ಕೈ. ಬರಿಗೈ."

ನಾವು ಪುಸ್ತಕಗಳನ್ನು ತೆಗೆದು ನೋಡಿದೆವು. ಗೆದ್ದವಳು ಮಗುವೇ. ಜಪಾನಿನ ಓಕಿನಾವಾ ದ್ವೀಪದಲ್ಲಿ ಬೆಳೆದ ಈ ವಿದ್ಯೆಯನ್ನು 1922ರಲ್ಲಿ ಫುನಾಕೋಶಿ ಎಂಬ ಶಾಲಾ ಉಪಾಧ್ಯಾಯರು ಟೋಕಿಯೋ ನಗರದಲ್ಲಿ ಪ್ರದರ್ಶಿಸಿದರು. (ಉಪಾಧ್ಯಾಯರು ಎಂಬುದನ್ನು ವಾಚಕರು ಗಮನಿಸಬೇಕು.) ಮೊದಲು ಆ ಹೆಸರನ್ನು ಚೀನಾದ ಕೈ ಎಂಬ ಅರ್ಥ ಬರುವ ಲಿಪಿಯಿಂದ ಬರೆಯುತ್ತಿದ್ದರಂತೆ, 1930ರ ದಶಕದಲ್ಲಿ ಲಿಪಿಯನ್ನು ಬದಲಿಸಿ ಬರಿಗೈ ಎಂಬ ಅರ್ಥವನ್ನು ನೆಲೆಗೊಳಿಸಿದರು. ಉಚ್ಚಾರ ಮಾತ್ರ ಎರಡಕ್ಕೂ ಒಂದೇ. ಒಂದು ಧ್ವನಿ, ಎರಡು ಅರ್ಥ! ನಮ್ಮ ಆಲಂಕಾರಿಕರು ಶ್ಲೇಷವೆಂದು ಕರೆಯುವುದು ಇದನ್ನೇ ಅಲ್ಲವೇ? ಮುಷ್ಟಿಯ ವಿದ್ಯೆಗೂ ಶ್ಲೇಷದ ಸಂಬಂಧವುಂಟೆಂದು ತಿಳಿದು ನಮಗೆ ಸೋಲಿನ ನೋವು ಅರ್ಧ ಇಳಿಯಿತು.

ಅಷ್ಟರಲ್ಲಿ ಒಳಗಿನಿಂದ ನಮ್ಮ ಗೃಹಿಣಿ ಕಾಫಿಯ ಲೋಟದೊಡನೆ ಬಂದು, "ಬರಿಗೈಯ ವಿದ್ಯೆಯನ್ನು ನಿನ್ನ ತಾತನಿಗೆ ಹೇಳಿಕೊಡಬೇಕೇ ಪುಟ್ಟೀ? ಅನುದಾನವಿಲ್ಲದ ಶಾಲೆಯಲ್ಲಿ ಹದಿನಾರು ವರ್ಷ ಅದನ್ನೇ ಸಾಧನೆ ಮಾಡಿದವರು," ಎಂದಳು. ಇದಕ್ಕೆ ನಾವು ಪ್ರತ್ಯುತ್ತರ ಕೊಡಲಿಲ್ಲ. ಕಾಫಿ ಬಿಸಿಯಾಗಿತ್ತು.

ಆ ಸಂಜೆ ಮನೆಯಲ್ಲಿ ಆಯುಧಗಳ ತಪಾಸಣೆ ನಡೆಯಿತು. ಕಳ್ಳ ಬಂದರೆ ಯಾವುದನ್ನು ಹಿಡಿಯಬೇಕೆಂಬುದು ಮಗುವಿನ ಪ್ರಶ್ನೆ. ಲಟ್ಟಣಿಗೆಯನ್ನು ಎತ್ತಿ ನೋಡಿ ಹಗುರವೆಂದು ತಳ್ಳಿದಳು. ಈಳಿಗೆಮಣೆಯನ್ನು ಮುಟ್ಟಲು ಅಜ್ಜಿ ಬಿಡಲಿಲ್ಲ. ಮೆಣಸಿನ ಪುಡಿಯ ಡಬ್ಬಿ ಒಪ್ಪಿಗೆಯಾಯಿತು. ಆದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ಕಳ್ಳನೂ ನಾವೂ ಕೂಡಿ ಮೊದಲೇ ನೋಡಿಕೊಳ್ಳಬೇಕಾಗುವುದು. "ಓಬವ್ವನ ಹಾಗೆ ಒನಕೆ ಇಲ್ಲವೇ ಅಜ್ಜಿ?" ಎಂದು ಕೇಳಿದಳು. ಒನಕೆ ಎಲ್ಲಿಂದ ಬರಬೇಕು? ಅದು ಅಟ್ಟ ಸೇರಿ, ಅಟ್ಟದಿಂದ ಹಂಡೆಯೊಲೆ ಸೇರಿ ಎಷ್ಟೋ ವರ್ಷಗಳಾದವು. "ಈಗ ಇರುವುದು ಮಿಕ್ಸಿ. ಅದನ್ನು ಎತ್ತಿ ಹೊಡೆಯೋಣವೆಂದರೆ ವೈರು ಬಾಗಿಲವರೆಗೂ ಬರುವುದಿಲ್ಲ," ಎಂದಳು ಗೃಹಿಣಿ.

ಓಬವ್ವನ ಕಥೆಯನ್ನು ಈಗಿನ ಮಕ್ಕಳು 1972ರ 'ನಾಗರಹಾವು' ಚಲನಚಿತ್ರದಿಂದ ಬಲ್ಲರು. 2021ರಿಂದ ಸರ್ಕಾರವೂ ನವೆಂಬರ್ 11ರಂದು ಅವಳ ಜಯಂತಿಯನ್ನು ಆಚರಿಸುತ್ತಿದೆ. 1779ರಲ್ಲಿ ಚಿತ್ರದುರ್ಗವು ಹೈದರಾಲಿಯ ವಶವಾಗುವುದಕ್ಕೆ ಹಿಂದಿನ ಮುತ್ತಿಗೆಯೊಂದರ ಕಾಲದಲ್ಲಿ, ಕಾವಲುಗಾರ ಗಂಡನು ಊಟಕ್ಕೆ ಕುಳಿತಿದ್ದಾಗ, ನೀರಿಗೆ ಹೋದ ಹೆಂಡತಿಯು ಬಂಡೆಯ ಕಿಂಡಿಯೊಳಗಿಂದ ಶತ್ರುಗಳು ನುಸುಳುತ್ತಿರುವುದನ್ನು ಕಂಡಳೆಂದು ಪ್ರತೀತಿ. ನಾವು ದುರ್ಗಕ್ಕೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗ ಆ ಕಿಂಡಿಯಲ್ಲಿ ನುಸುಳಿ ನೋಡಿದ್ದೇವೆ. ಒಮ್ಮೆಗೆ ಒಬ್ಬನೇ, ಅವನೂ ಮೈ ಕುಗ್ಗಿಸಿ ತಲೆ ಮುಂದೆ ಮಾಡಿಯೇ ಬರಬೇಕು. ಒನಕೆಯೆಂದರೆ ಆಳುದ್ದದ ಗಟ್ಟಿಮರ. ತುದಿಗೆ ಕಬ್ಬಿಣದ ಅಣಸು. ಅದನ್ನು ಎತ್ತಿ ನೇರವಾಗಿ ಇಳಿಸುವುದು ಅವಳು ದಿನವೂ ಭತ್ತ ಕುಟ್ಟುವಾಗ ಮಾಡುತ್ತಿದ್ದ ಕೆಲಸ. ಕತ್ತಿಯನ್ನು ಕೊಟ್ಟಿದ್ದರೆ ಅವಳಿಗೆ ಹಿಡಿಯುವ ಬಗೆಯೇ ತಿಳಿಯುತ್ತಿರಲಿಲ್ಲವೇನೋ. ಭಯದ ಗಳಿಗೆಯಲ್ಲಿ ಕೈ ಹೊಸದನ್ನು ಕಲಿಯುವುದಿಲ್ಲ. ದಿನವೂ ಮಾಡಿದ್ದನ್ನೇ ಮಾಡುತ್ತದೆ. ಮಗುವಿನ ಕರಾಟೆಯ ಗುರುಗಳು ಒಂದೇ ಪೆಟ್ಟನ್ನು ನೂರು ಸಲ ಹೊಡೆಸುವುದೂ ಇದಕ್ಕೇ ಇರಬೇಕು.

ಇನ್ನೊಂದನ್ನೂ ಹೇಳಬೇಕು. ಓಬವ್ವ ಅಲ್ಲಿ ಮಾತನಾಡಿದಳೆಂದು ಯಾರೂ ಹೇಳುವುದಿಲ್ಲ. ಸದ್ದಾಗಿದ್ದರೆ ಹಿಂದಿನವನು ತಲೆಯನ್ನು ಒಳಗೆ ಚಾಚುತ್ತಿರಲಿಲ್ಲ.

"ಹಾಗಾದರೆ ನಿಮ್ಮ ಆಯುಧ ಯಾವುದು ತಾತ?" ಎಂದಳು ಮಗು. ನಾವು ಬಾಗಿಲ ಹಿಂದಿನ ಕೊಡೆಯನ್ನು ತೋರಿಸಿ, ಮುಚ್ಚಿದರೆ ಗದೆ, ಬಿಚ್ಚಿದರೆ ಗುರಾಣಿ, ಎಂದು ಎರಡು ವರಸೆಗಳನ್ನು ಪ್ರದರ್ಶಿಸಿದೆವು. "ಉತ್ತರನ ಪೌರುಷ ಒಲೆಯ ಮುಂದೆ," ಎಂದು ಒಳಗಿನಿಂದ ಕೇಳಿಬಂತು.

ಆದರೆ ನಮ್ಮ ನಿಜವಾದ ಆಯುಧವು ನಾಲಗೆಯೆಂದು ನಾವು ಮಗುವಿಗೆ ಹೇಳದೆ ಬಿಡಲಿಲ್ಲ. ಆ ಆಯುಧಕ್ಕೆ ದೊಡ್ಡ ಪರಂಪರೆಯುಂಟು. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನನ್ನು ಹೊರಕ್ಕೆ ಎಳೆದುದು ಯಾವುದು? ರನ್ನನ ಗದಾಯುದ್ಧದಲ್ಲಿ ಭೀಮನ ಗದೆ ತಾಗುವುದಕ್ಕೆ ಬಹಳ ಮೊದಲೇ ಅವನ ಮೂದಲಿಕೆ ತಾಗಿತು. ಶಲ್ಯನಂತೂ ಕರ್ಣನ ರಥದ ಮೇಲೆಯೇ ಕುಳಿತು, ಕುದುರೆಗಳ ಹಗ್ಗ ಹಿಡಿದುಕೊಂಡು, ಮಾತಿನಿಂದ ಅವನ ಧೈರ್ಯವನ್ನು ಕುಂದಿಸುತ್ತ ಹೋದನು. ಹಾಗೆ ಮಾಡಬೇಕೆಂದು ಧರ್ಮರಾಯನೇ ಅವನನ್ನು ಮೊದಲು ಬೇಡಿಕೊಂಡಿದ್ದನು! ತೇಜೋವಧೆ ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಅದರಲ್ಲಿ ವಧೆ ಎಂಬ ಶಬ್ದವಿರುವುದು ನಮ್ಮ ಲಕ್ಷ್ಯಕ್ಕೆ ಬರುವುದಿಲ್ಲ. ಇನ್ನು ಸೋತವನಿಗೂ ನಾಲಗೆಯೇ ದಿಕ್ಕು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂದು ಹೇಳಿದವನು ಕುಸ್ತಿಯಲ್ಲಿ ಸೋತಿರಬಹುದು. ಮಾತಿನಲ್ಲಿ ಇಂದಿಗೂ ಗೆಲ್ಲುತ್ತಲೇ ಇದ್ದಾನೆ.

ಜಟ್ಟಿಯ ಹೆಸರು ಬಂದುದರಿಂದ ಮಗುವಿಗೆ ಮೈಸೂರಿನ ವಜ್ರಮುಷ್ಟಿ ಕಾಳಗದ ಚಿತ್ರಗಳನ್ನು ದೂರದರ್ಶನದಲ್ಲಿ ತೋರಿಸಿದೆವು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ, ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮುಷ್ಟಿಯಾಯುಧವನ್ನು ತೊಟ್ಟು ಜೋಡಿಜೋಡಿಯಾಗಿ ನಿಲ್ಲುವರು. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆಯೇ ಕಾಳಗ ನಿಂತಿತು. ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಮಗುವಿಗೆ ಇದು ಬಹಳ ಹಿಡಿಸಿತು. ಅವರಲ್ಲಿಯೂ ಮಧ್ಯಸ್ಥರು "ಯಮೆ" ಎಂದರೆ ಎತ್ತಿದ ಕೈಯನ್ನು ಅಲ್ಲಿಯೇ ನಿಲ್ಲಿಸಬೇಕಂತೆ. "ಯಮೆ ಅಂದ ಮೇಲೂ ಹೊಡೆದರೆ ತಪ್ಪು ತಾತ," ಎಂದಳು.

ಮರುದಿನ ಸಂಜೆ ಈ ವಿಷಯವನ್ನು ಶಾಸ್ತ್ರೋಕ್ತವಾಗಿ ತಿಳಿಯಲು, ಎರಡು ಬೀದಿ ಆಚೆ ಇರುವ ನಮ್ಮ ವಕೀಲ ಮಿತ್ರರ ಮನೆಗೆ ಹೋದೆವು. "ನಾವು ಕಳ್ಳನನ್ನು ಕೊಡೆಯಿಂದ ಹೊಡೆಯಬಹುದೇ?" ಎಂದು ಕೇಳಿದೆವು. "ನಾವು ಎಂದರೆ ಎಷ್ಟು ಜನ? ಐವರು ಸೇರಿದರೆ ಅಕ್ರಮ ಕೂಟದ ಮಾತು ಬರುತ್ತದೆ," ಎಂದರು. ಅವರ ವಿವರಣೆಯ ಸಾರಾಂಶವಿಷ್ಟು: ಆತ್ಮರಕ್ಷಣೆಯ ಹಕ್ಕು 1860ರ ದಂಡಸಂಹಿತೆಯಲ್ಲಿ 96ರಿಂದ 106ರವರೆಗಿನ ಕಲಮುಗಳಲ್ಲಿತ್ತು, 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗೆ ಇದೆ. ರಕ್ಷಣೆಗೆ ಎಷ್ಟು ಅವಶ್ಯವೋ ಅಷ್ಟೇ ಪೆಟ್ಟು. ಅದಕ್ಕಿಂತ ಹೆಚ್ಚಿಗೆ ಹಕ್ಕಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೂ ಇಲ್ಲ. "ಮಾತಿನಿಂದ ಹೊಡೆದರೆ?" ಎಂದೆವು. "ಮಾನಹಾನಿಯ ಕಲಮು ಬೇರೆಯಿದೆ. ಆದರೆ ಮೇಷ್ಟ್ರು ಹುಡುಗನಿಗೆ ಅಂದ ಮಾತನ್ನು ಯಾರು ನ್ಯಾಯಾಲಯಕ್ಕೆ ತರುತ್ತಾರೆ?" ಎಂದು ನಕ್ಕರು. ನಾವೂ ನಕ್ಕೆವು.

ಹಿಂದಿರುಗುವಾಗ ಎಂಟು ಗಂಟೆ ದಾಟಿತ್ತು. ತುಂತುರು ಮಳೆ. ವಿದ್ಯುತ್ತು ಹೋಗಿ ಬೀದಿಯೆಲ್ಲ ಕತ್ತಲು. ಹುಣಿಸೆಯ ಮರದ ಬಳಿ ಬರುತ್ತಲೇ ಒಬ್ಬ ದಪ್ಪನೆಯ ಆಳು ಮರದ ಬುಡದಿಂದ ಎದ್ದು, ಎರಡು ಕೈಗಳನ್ನೂ ಚಾಚಿ, ನಮ್ಮನ್ನು ಅಡ್ಡಗಟ್ಟಿದನು. ವಾಚಕರಲ್ಲಿ ಏಕೆ ಮುಚ್ಚಿಡಬೇಕು? ನಮ್ಮ ಕಾಲುಗಳು ನಡುಗಿದವು. ಬಿಚ್ಚಿದ್ದ ಕೊಡೆಯನ್ನು ಗುರಾಣಿಯಂತೆ ಮುಂದಕ್ಕೆ ನೂಕಿದೆವು. ಅದು ಗಾಳಿಗೆ ಸಿಕ್ಕಿ ಹಿಂದುಮುಂದಾಗಿ ತಾವರೆಯಂತೆ ಅರಳಿ ನಿಂತಿತು. "ಯಾರದು!" ಎಂದು ಗರ್ಜಿಸಬೇಕೆಂದು ಬಾಯಿ ತೆರೆದೆವು. ಹೊರಬಿದ್ದುದು "ರಾಮಃ ರಾಮೌ ರಾಮಾಃ!" ಮೂವತ್ತಾರು ವರ್ಷ ದಿನವೂ ಬೆಳಗ್ಗೆ ಮೊದಲ ಪಾಠದಲ್ಲಿ ಹೇಳಿಸಿದುದನ್ನೇ ನಾಲಗೆ ಹೇಳಿತು. ನಿಲ್ಲಿಸಲೂ ಆಗಲಿಲ್ಲ. ದ್ವಿತೀಯಾ ವಿಭಕ್ತಿಯೂ ಮುಗಿಯಿತು.

ಕತ್ತಲಿನಿಂದ ಮೆಲ್ಲನೆಯ ಧ್ವನಿ ಬಂತು. "ಸಾರ್, ನೀವಾ? ಮುಂದೆ ಹೋಗಬೇಡಿ ಸಾರ್. ಒಳಚರಂಡಿಗೆ ಅಗೆದಿದೆ. ದೀಪ ಇಲ್ಲ ಅಂತ ನಾನೇ ಇಲ್ಲಿ ಕೂತಿದ್ದೆ." ಮತ್ತೆ, "ಗೊತ್ತಾಗಲಿಲ್ವಾ ಸಾರ್? ನಾನು, ಅವ್ಯಯ," ಎಂದನು.

ಕೂಡಲೇ ನೆನಪಾಯಿತು. ಇಪ್ಪತ್ತೆಂಟು ಮೂವತ್ತು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಕೊನೆಯ ಬೆಂಚಿನ ಹುಡುಗ. ಏನು ಕೇಳಿದರೂ ಎದ್ದು ಸುಮ್ಮನೆ ನಿಲ್ಲುವನು. ಒಂದು ದಿನ ನಾವು, "ಮಕ್ಕಳೇ, ಅವ್ಯಯವೆಂದರೆ ಯಾವ ವಿಭಕ್ತಿಯಲ್ಲಿಯೂ ಯಾವ ವಚನದಲ್ಲಿಯೂ ಬದಲಾಗದ ಶಬ್ದ. ಉದಾಹರಣೆ ಬೇಕೇ? ಇಗೋ, ಇಲ್ಲಿ ನಿಂತಿದೆ," ಎಂದೆವು. ತರಗತಿ ಬಿದ್ದು ಬಿದ್ದು ನಕ್ಕಿತು. ಆ ವರ್ಷದ ಕೊನೆಗೆ ಹುಡುಗ ಶಾಲೆ ಬಿಟ್ಟನು. ನಾವು ಮಾತ್ರ ಆ ಮಾತನ್ನು ಬಿಡಲಿಲ್ಲ. ನಮ್ಮ ವಾಕ್ಚಾತುರ್ಯದ ಉತ್ತಮ ಮಾದರಿಯೆಂದು ಎಷ್ಟೋ ಸಭೆಗಳಲ್ಲಿ ಹೇಳಿದೆವು. ಈ ಪುಟದಲ್ಲಿಯೂ ಒಮ್ಮೆ ಬರೆದೆವು. ಚೆನ್ನಾಗಿದೆಯೆಂದು ಕೆಲವು ವಾಚಕರು ಕಾಗದ ಬರೆದಿದ್ದರು.

ಈಗ ಅವನು ಮೇಸ್ತ್ರಿ. ನಮ್ಮ ತೋಳು ಹಿಡಿದು, ಬಳಸು ದಾರಿಯಲ್ಲಿ ಮನೆಯವರೆಗೆ ನಡೆಸಿಕೊಂಡು ಬಂದನು. ದಾರಿಯಲ್ಲಿ, "ಎಲ್ಲರೂ ಅದೇ ಹೆಸರಲ್ಲಿ ಕರೀತಾರೆ ಸಾರ್. ಸಿಮೆಂಟಿನ ಅಂಗಡಿಯ ಬಿಲ್ಲಲ್ಲೂ ಹಾಗೇ ಬರೀತಾರೆ. ಮೊನ್ನೆ ನನ್ನ ಮಗ ಕೇಳಿದ, ಹಂಗಂದ್ರೆ ಏನಪ್ಪಾ ಅಂತ. ನನಗೆ ತಿಳೀಲಿಲ್ಲ. ಅವತ್ತು ಎಲ್ಲರೂ ನಗ್ತಾ ಇದ್ದರಲ್ಲ, ನೀವು ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲ. ಏನು ಸಾರ್ ಅರ್ಥ?" ಎಂದನು. ಅವನ ಧ್ವನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದನು.

ನಾವು, "ನಾಶವಿಲ್ಲದವನು ಎಂದರ್ಥವಪ್ಪ. ವಿಷ್ಣುವಿನ ಸಾವಿರ ಹೆಸರುಗಳಲ್ಲಿ ಒಂದು," ಎಂದೆವು. ಇದು ಸುಳ್ಳಲ್ಲ. ಯಾವ ಕೋಶವನ್ನು ತೆರೆದರೂ ಸಿಕ್ಕುವುದು. ಅವನು, "ಹೌದಾ ಸಾರ್!" ಎಂದು ಬಹಳ ಸಂತೋಷಪಟ್ಟು ಹೋದನು.

ಮನೆಯಲ್ಲಿ ಎಲ್ಲವನ್ನೂ ಕೇಳಿ ಗೃಹಿಣಿ ಏನೂ ಅನ್ನಲಿಲ್ಲ. ಮುರಿದ ಕೊಡೆಯನ್ನು ಒಣಗಲು ಇಟ್ಟಳು. ಮಗು ಮಾತ್ರ ಹಾಸಿಗೆಯ ಮೇಲಿಂದ, "ಅವತ್ತು ಕ್ಲಾಸಿನಲ್ಲಿ ಯಾರೂ ಯಮೆ ಅನ್ನಲಿಲ್ಲವೇ ತಾತ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಿದ್ರೆಹೋದಳು. ನಮಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಕತ್ತಲಿನಲ್ಲಿ ನಾವು ಹೇಳಿದ ಅರ್ಥವು ಅವನ ರಕ್ಷಣೆಗೋ ನಮ್ಮ ರಕ್ಷಣೆಗೋ ಎಂಬುದು ಇತ್ಯರ್ಥವಾಗಲಿಲ್ಲ.

ಬೆಳಗ್ಗೆ ಸ್ನಾನ ಮುಗಿಸಿ ಹುಣಿಸೆಯ ಮರದ ಬಳಿಗೆ ಹೋದೆವು. ಅವನು ಗುಂಡಿಯ ಆಚೆಯ ದಡದಲ್ಲಿ ಆಳುಗಳಿಗೆ ಕೊಳವೆ ಇಳಿಸುವುದನ್ನು ತೋರಿಸುತ್ತಿದ್ದನು. ಈಚೆಯಿಂದಲೇ ನಿಂತು ಉಳಿದ ಅರ್ಧವನ್ನೂ ಹೇಳಿದೆವು: ಆ ದಿನ ತರಗತಿಯಲ್ಲಿ ಯಾವ ಅರ್ಥದಲ್ಲಿ ಅಂದೆವು, ಏಕೆ ಅಂದೆವು, ಎಲ್ಲವನ್ನೂ. ಆಳುಗಳು ಕೆಲಸ ನಿಲ್ಲಿಸಿ ನೋಡಿದರು. ಅವನು ಹಿಂದೆ ನಿಲ್ಲುತ್ತಿದ್ದಂತೆಯೇ ಸುಮ್ಮನೆ ನಿಂತಿದ್ದನು. ಅವನ ಸ್ವಂತ ಹೆಸರು ನಮಗೆ ನೆನಪಿರಲಿಲ್ಲ, ಕೇಳಿದೆವು, ಹೇಳಿದನು.

ಆಮೇಲೆ, "ಈ ಕಡೆ ಬನ್ನಿ ಸಾರ್, ಟೀ ಕುಡಿಯೋಣ. ಹಲಗೆ ನೆನೆದಿದೆ, ಜಾರುತ್ತೆ," ಎಂದು ಗುಂಡಿಯ ಮೇಲಿನಿಂದ ಕೈ ನೀಡಿದನು.